ಮಾವಿನ ಮರದ ಬಂದಳಿಕೆ ಕಿತ್ತರೂ ಮತ್ತೆ ಚಿಗುರುತ್ತಿದೆ

ಪ್ರಶ್ನೆ (ಹೊಳಲ್ಕೆರೆ): ನಮ್ಮ ತೋಟದ ಹಳೆಯ ಮಾವಿನ ಮರದಲ್ಲಿ ಕಿತ್ತಳೆ ಬಣ್ಣದ ಕೊಳವೆ ಹೂಗಳ ಬಂದಳಿಕೆ ಹಬ್ಬಿದ್ದು, ಅದರಾಚೆಗಿನ ಕೊಂಬೆಯ ತುದಿ ಒಣಗುತ್ತಿದೆ. ಎರಡು ಬಾರಿ ಕಿತ್ತರೂ ಚಿಗುರಿದೆ. ಏನು ಮಾಡಬೇಕು?

ಉತ್ತರ 1 (ಚನ್ನಗಿರಿ): ಸರ್, ಇದು ಡೆಂಡ್ರೋಫ್ಥೋ ಕುಲದ ಅರೆಪರಾವಲಂಬಿ. ಹಸಿರೆಲೆಯಿಂದ ಆಹಾರವನ್ನು ತಾನೇ ತಯಾರಿಸಿಕೊಂಡರೂ, ನೀರು ಮತ್ತು ಲವಣಗಳನ್ನು ಕೊಂಬೆಯೊಳಗೆ ಇಳಿಸಿದ ಹೀರುಬೇರಿನಿಂದ ಕದಿಯುತ್ತದೆ. ಆ ಬೇರು ಉಳಿದರೆ ಮೇಲಿನದನ್ನು ಎಷ್ಟು ಕಿತ್ತರೂ ವ್ಯರ್ಥ. ಬಂದಳಿಕೆ ಅಂಟಿಕೊಂಡ ಗಂಟಿನಿಂದ ಬುಡದ ಕಡೆಗೆ ಸಾಕಷ್ಟು ಜಾಗ ಬಿಟ್ಟು ಕೊಂಬೆಯನ್ನೇ ಕತ್ತರಿಸಿ. ತೊಗಟೆಯ ಮೇಲೆ ಹರಿದ ಬೇರುಗಳನ್ನೂ ಗಮನಿಸಿ, ಅವು ಅಲ್ಲಲ್ಲಿ ಹೊಸದಾಗಿ ನಾಟಿಕೊಳ್ಳುತ್ತವೆ.

ಉತ್ತರ 2 (ದಾವಣಗೆರೆ): ಬಂದಳಿಕೆ ಹಣ್ಣಾಗುವ ಮುನ್ನವೇ ಕತ್ತರಿಸುವುದು ಲೇಸು. ಹೆಬ್ಬೆರಳಿಗಿಂತ ತುಸು ದೊಡ್ಡದಾದ ಬದನಿಕೆ ಹಕ್ಕಿ ಹಣ್ಣು ನುಂಗಿ, ಅಂಟಂಟಾದ ಬೀಜವನ್ನು ಕೊಂಬೆಗೆ ಉಜ್ಜಿ ಹೋಗುತ್ತದೆ. ಪಕ್ಕದ ಹೊಲದ ಬೇವನ್ನೂ ಒಮ್ಮೆ ನೋಡಿ.

ಪ್ರಶ್ನೆ ಕೇಳಿದವರು: ನೋಡಿದೆ ಸರ್, ಬೇವಿನಲ್ಲೂ ಮೂರು ಪೊದೆಗಳಿವೆ.