ಸೀರಿಯಲ್ ದೃಶ್ಯದಲ್ಲಿ ವಯಸ್ಸನ್ನು ಹೇಗೆ ಓದೋದು? ಅನುಭವ ಇದ್ದವರು ಹೇಳಿ

ಪ್ರಶ್ನೆ: ಧಾರವಾಡ, ಎಂ.ಎ. ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಪತ್ರಿಕೋದ್ಯಮ ಓದುತ್ತಿದ್ದೇನೆ. ಯಾವುದಾದರೂ ಧಾರಾವಾಹಿಯ ಐದು ನಿಮಿಷದ ತುಣುಕು ತಗೊಂಡು, ಅದರಲ್ಲಿ ವಯಸ್ಸನ್ನು ಹೇಗೆ ತೋರಿಸಿದ್ದಾರೆ ಅಂತ ಬರೆಯಬೇಕು. ಕಥೆ ಹೇಳುವ ಹಾಗಿಲ್ಲ. ಕ್ಯಾಮೆರಾ, ಎಡಿಟಿಂಗ್, ಸೌಂಡ್, ಆಮೇಲೆ ಫ್ರೇಮಿನಲ್ಲಿ ಕಾಣೋದೆಲ್ಲ, ಅಂದರೆ ಸೆಟ್, ಬಟ್ಟೆ, ಮೇಕಪ್, ಲೈಟಿಂಗ್. ಈ ನಾಲ್ಕರಿಂದಲೇ ಹೇಳಬೇಕು.

ನಾನು ಆರಿಸಿದ್ದು ಆಸ್ತಿ ಪತ್ರದ ದೃಶ್ಯ. ಅಜ್ಜಿ ತೂಗುಮಂಚದ ಮೇಲೆ ಕೂತಿದ್ದಾಳೆ, ಮೊಮ್ಮಗ ಎದುರು ನಿಂತಿದ್ದಾನೆ, ಅಜ್ಜಿ ಸಹಿ ಹಾಕುತ್ತಾಳೆ. "ಲೋ ಆ್ಯಂಗಲ್ ಶಾಟ್ ಇರುವುದರಿಂದ ಅಜ್ಜಿ ಶಕ್ತಿವಂತೆ" ಅಂತ ಬರೆದು ಕೊಟ್ಟೆ. ಲೋ ಆ್ಯಂಗಲ್ ಅಂದರೆ ಕ್ಯಾಮೆರಾ ಕೆಳಗಿನಿಂದ ಮೇಲಕ್ಕೆ ನೋಡೋದು. ಗೈಡ್ ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ "ಮುಂದೆ?" ಅಂತ ಬರೆದು ವಾಪಸ್ ಕೊಟ್ಟರು. ಎರಡು ದಿನದಿಂದ ಆ "ಮುಂದೆ?" ನೋಡುತ್ತಾ ಕೂತಿದ್ದೇನೆ. ಸೆಟ್‌ನಲ್ಲಿ ಕೆಲಸ ಮಾಡಿದವರು, ಪಾಠ ಮಾಡಿದವರು ಯಾರಾದರೂ ದಾರಿ ತೋರಿಸಿ.

ಹುಬ್ಬಳ್ಳಿ, ಕಾಲೇಜು ಮಾಸ್ತರ

ತಂಗಿ, ಆ ಲೋ ಆ್ಯಂಗಲ್ ವಾಕ್ಯವನ್ನು ನಾನು ಎಷ್ಟು ಪೇಪರಿನಲ್ಲಿ ಹೊಡೆದು ಹಾಕಿದ್ದೇನೋ ಲೆಕ್ಕ ಇಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ, ನಾನೂ ಹಾಗೇ ಮಾಡಿದ್ದೆ.

ಮೊದಲು ನೋಡುವ ಪದ್ಧತಿ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಓಸಿಆರ್ ಅನ್ನುವ ಪರೀಕ್ಷಾ ಮಂಡಳಿ ಇದೆ. ಅವರ ಹಳೆಯ ಎಎಸ್ (ನಮ್ಮ ಪಿಯುಸಿ ಮಟ್ಟದ್ದು) ಮೀಡಿಯಾ ಸ್ಟಡೀಸ್ ಪರೀಕ್ಷೆಯಲ್ಲಿ ನಿಮ್ಮದೇ ಪ್ರಶ್ನೆ ಬರುತ್ತಿತ್ತು. ನಾಲ್ಕೈದು ನಿಮಿಷದ ಟಿವಿ ನಾಟಕದ ತುಣುಕನ್ನು 4 ಸಲ ಹಾಕುತ್ತಿದ್ದರು. ಮೊದಲ ಸಲ ಏನೂ ಬರೆದುಕೊಳ್ಳುವ ಹಾಗಿಲ್ಲ, ಸುಮ್ನೆ ನೋಡಬೇಕು. ನಾನು ಇದನ್ನು ನಮ್ಮ ಹುಡುಗರಿಗೆ ಸ್ವಲ್ಪ ಬದಲಾಯಿಸಿ ಮಾಡಿಸುತ್ತೇನೆ. ಮೊದಲ ಸಲ ಸುಮ್ನೆ ನೋಡಿ. ಎರಡನೇ ಸಲ ಸೌಂಡ್ ಮ್ಯೂಟ್. ಮೂರನೇ ಸಲ ಮೊಬೈಲ್ ಬೋರಲು ಹಾಕಿ ಬರೀ ಕೇಳಿ. ನಾಲ್ಕನೇ ಸಲ ಒಂದೊಂದೇ ಶಾಟ್‌ಗೆ ನಿಲ್ಲಿಸಿ, ಎಷ್ಟು ಸೆಕೆಂಡ್ ಇತ್ತು ಅಂತ ಬರೆಯಿರಿ. ಈ ನಾಲ್ಕನೇ ಕೆಲಸ ಎಲ್ಲರಿಗೂ ಬೇಜಾರು. ಆದರೆ ಮಾಲು ಸಿಗೋದೇ ಅಲ್ಲಿ.

ಈಗ ಲೋ ಆ್ಯಂಗಲ್. ನಿಮ್ಮ ಅಜ್ಜಿ ಕೂತಿದ್ದಾಳೆ, ಹುಡುಗ ನಿಂತಿದ್ದಾನೆ. ಕ್ಯಾಮೆರಾ ಅಜ್ಜಿಯ ಕಣ್ಣಿನ ಮಟ್ಟದಲ್ಲಿ ಇದ್ದರೆ ಹುಡುಗ ತಾನಾಗಿಯೇ ಕೆಳಗಿನಿಂದ ಕಾಣುತ್ತಾನೆ. ಅವನು ದೊಡ್ಡವನು ಅಂತ ಅದರ ಅರ್ಥ ಅಲ್ಲ, ನಾವು ಅಜ್ಜಿಯ ಪಕ್ಕ ಕೂತಿದ್ದೇವೆ ಅಂತ. ಆ್ಯಂಗಲ್ ಹೆಸರು ಬರೆಯುವ ಮೊದಲು ಕ್ಯಾಮೆರಾ ಯಾರ ಎತ್ತರದಲ್ಲಿದೆ ಅಂತ ಕೇಳಿಕೊಳ್ಳಿ. ಮಕ್ಕಳ ದೃಶ್ಯದಲ್ಲಿ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ದೊಡ್ಡವರ ಎತ್ತರದಿಂದ ಮಗುವನ್ನು ನೋಡಿದರೆ ಮುದ್ದು ಬರುತ್ತದೆ. ಮಗುವಿನ ಎತ್ತರಕ್ಕೆ ಇಳಿದರೆ ಅಪ್ಪನ ಮೊಣಕಾಲು, ಕೈಯಲ್ಲಿರುವ ಛಡಿ, ಬಾಗಿಲ ಚಿಲಕ ಕಾಣುತ್ತವೆ, ಹೆದರಿಕೆ ಬರುತ್ತದೆ. 'ಮಾಲ್ಗುಡಿ ಡೇಸ್'ನಲ್ಲಿ ಸ್ವಾಮಿಯ ಅಪ್ಪ ನಮ್ಮ ಧಾರವಾಡದಲ್ಲಿ ಬೆಳೆದ ಗಿರೀಶ ಕಾರ್ನಾಡರು ತಾನೇ? ಅಪ್ಪ ಕೋಣೆಯೊಳಗೆ ಬರುವ ದೃಶ್ಯ ಒಂದು ಹಾಕಿ, ಕ್ಯಾಮೆರಾ ಯಾರ ಎತ್ತರದಲ್ಲಿ ನಿಂತಿದೆ ನೋಡಿ. ಉತ್ತರ ನಾನು ಹೇಳೋದಿಲ್ಲ.

ಇನ್ನೊಂದು. ಕ್ಯಾಮೆರಾದತ್ತ ನೇರವಾಗಿ ನೋಡುವ ಅಧಿಕಾರ ಯಾರಿಗಿದೆ? 1984ರಲ್ಲಿ ದೂರದರ್ಶನದಲ್ಲಿ 'ಹಮ್ ಲೋಗ್' ಬಂತು. ಪ್ರತಿ ಕಂತಿನ ಕೊನೆಯಲ್ಲಿ ಹಿಂದಿ ಸಿನಿಮಾದ ಹಿರಿಯ ನಟ ಅಶೋಕ್ ಕುಮಾರ್ ಬಂದು ನೋಡುವವರ ಜೊತೆ ನೇರ ಮಾತಾಡುತ್ತಿದ್ದರು. ಆಗ ಅವರಿಗೆ 70 ದಾಟಿತ್ತು. ಕಥೆಯೊಳಗಿನವರು ತಮ್ಮತಮ್ಮಲ್ಲೇ ಒದ್ದಾಡುತ್ತಿದ್ದಾರೆ, ಹಿರಿಯರೊಬ್ಬರು ಮಾತ್ರ ಲೆನ್ಸ್ ಕಡೆ ತಿರುಗಿ ನಮ್ಮನ್ನು ಮಾತಾಡಿಸುತ್ತಾರೆ. ಅದೇ ಮಾತನ್ನು ಇಪ್ಪತ್ತೈದರ ಹುಡುಗ ಹಾಗೆ ತಿರುಗಿ ಹೇಳಿದ್ದರೆ ಉಪದೇಶ ಅನ್ನಿಸುತ್ತಿತ್ತು. ವಯಸ್ಸಿಗೆ ಗೌರವ ಅಂತ ನಾವು ಬಾಯಲ್ಲಿ ಹೇಳುತ್ತೇವಲ್ಲ, ಇಲ್ಲಿ ಅದು ಕಣ್ಣಿನ ದಿಕ್ಕಿನಲ್ಲೇ ಇದೆ. ನಿಮ್ಮ ಗೈಡ್ ಕೇಳುವ "ಮುಂದೆ?"ಗೆ ಇಂಥ ಒಂದು ಮಾತು ಸಾಕು.

ಬೆಂಗಳೂರು (ಊರು ಹಾವೇರಿ), ಎಡಿಟರ್

ಮಾಸ್ತರು ಹೇಳಿದ ಸೆಕೆಂಡ್ ಲೆಕ್ಕಕ್ಕೆ ನಾನು ಒಂದು ಸೇರಿಸುತ್ತೇನೆ. ಒಂಬತ್ತು ವರ್ಷದಿಂದ ಡೈಲಿ ಸೀರಿಯಲ್ ಕಟ್ ಮಾಡುತ್ತಿದ್ದೇನೆ. ಜಾಹೀರಾತು ತೆಗೆದರೆ ದಿನಕ್ಕೆ ಸುಮಾರು 20-22 ನಿಮಿಷದ ಮಾಲು. ರಾತ್ರಿ ಫುಟೇಜ್ ಬಂದರೆ ಬೆಳಗ್ಗೆ ಕೊಡಬೇಕು, ಹಾಗಿರುತ್ತದೆ.

ಅಜ್ಜಿ ಪಾತ್ರದವರು ಬಾಗಿಲಿನಿಂದ ಸೋಫಾವರೆಗೆ ನಡೆದು ಬರಲು 12 ಸೆಕೆಂಡ್ ಬೇಕು ಅಂದುಕೊಳ್ಳಿ. ನಾನು ಬಾಗಿಲಲ್ಲಿ ಒಂದು ಶಾಟ್ ಇಟ್ಟು, ಸೊಸೆಯ ಮುಖಕ್ಕೆ ಕಟ್ ಮಾಡಿ, ವಾಪಸ್ ಬರುವಷ್ಟರಲ್ಲಿ ಅಜ್ಜಿಯನ್ನು ಸೋಫಾದಲ್ಲಿ ಕೂರಿಸಿಬಿಡುತ್ತೇನೆ. 4 ಸೆಕೆಂಡ್‌ನಲ್ಲಿ ಮುಗೀತು. ಅದೇ ಹೀರೋ ಕಾರಿನಿಂದ ಇಳಿದು ಮೆಟ್ಟಿಲು ಹತ್ತೋದು ನಿಜಕ್ಕೂ 4 ಸೆಕೆಂಡ್. ಅದನ್ನು ಸೆಕೆಂಡಿಗೆ 50 ಫ್ರೇಮ್‌ನಲ್ಲಿ, ಅಂದರೆ 50 ಚಿತ್ರದಂತೆ, ತೆಗೆದಿರುತ್ತಾರೆ. 25ರಲ್ಲಿ ಓಡಿಸಿದರೆ 8 ಸೆಕೆಂಡ್ ಆಗುತ್ತದೆ. ಗಾಳಿಗೆ ಕೂದಲು ಹಾರುತ್ತದೆ, ಮ್ಯೂಸಿಕ್ ಬರುತ್ತದೆ.

ಅಂದರೆ ನಿಜವಾಗಿ ನಿಧಾನ ಇರುವವರ ನಿಧಾನವನ್ನು ಕತ್ತರಿಸುತ್ತೇವೆ. ನಿಧಾನ ಇಲ್ಲದವನಿಗೆ ನಿಧಾನ ಕೊಡುತ್ತೇವೆ. ಇದು ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ, ಟೈಮ್‌ಲೈನ್‌ನಲ್ಲಿ ಕೈ ತಾನಾಗಿ ಹಾಗೆ ಓಡುತ್ತದೆ. ನಮ್ಮ ಅಪ್ಪನಿಗೆ ಮೊಣಕಾಲು ನೋವು ಶುರುವಾದ ಮೇಲೆ ನನಗೆ ಇದು ಹೊಳೆದಿದ್ದು. ಅದಕ್ಕೂ ಮೊದಲು ಎಷ್ಟೋ ಅಜ್ಜ ಅಜ್ಜಿಯರ ನಡಿಗೆ ಕತ್ತರಿಸಿದ್ದೇನೆ.

ಲೈಟಿಂಗ್ ಬಗ್ಗೆಯೂ ಹೇಳಿಬಿಡುತ್ತೇನೆ. ಎದುರಿನಿಂದ ಮೆತ್ತಗಿನ ಬೆಳಕು ಬಂದರೆ ಸುಕ್ಕು ಅಳಿಸಿಹೋಗುತ್ತದೆ. ಪಕ್ಕದ ಕಿಟಕಿಯಿಂದ ಗಟ್ಟಿ ಬೆಳಕು ಬಿದ್ದರೆ ಪ್ರತಿ ಗೆರೆಗೂ ನೆರಳು ಹುಟ್ಟುತ್ತದೆ. ಒಂದೇ ದೃಶ್ಯ, ಒಂದೇ ಕೋಣೆ. ಅಮ್ಮನ ಕ್ಲೋಸಪ್ಪಿಗೆ ಎದುರು ಬೆಳಕು, ಅಜ್ಜಿಯ ಕ್ಲೋಸಪ್ಪಿಗೆ ಪಕ್ಕದ ಬೆಳಕು. ಕಿಟಕಿ ಎಲ್ಲಿದೆ ಅಂತ ಹುಡುಕಿ, ಎರಡು ಶಾಟ್ ಹೊಂದೋದೇ ಇಲ್ಲ! ಅಮ್ಮನ ಪಾತ್ರದವರು ಮಗನ ಪಾತ್ರದವನಿಗಿಂತ ಹತ್ತು ವರ್ಷವೂ ದೊಡ್ಡವರಲ್ಲದ ಸೀರಿಯಲ್‌ನಲ್ಲಿ ನಾನು ಕೆಲಸ ಮಾಡಿದ್ದೇನೆ. ಅಲ್ಲಿ ಅಜ್ಜಿ ಮುಖದಲ್ಲಿ ಸುಕ್ಕು ಜಾಸ್ತಿ ಕಂಡಷ್ಟೂ ಅಮ್ಮನಿಗೆ ವಯಸ್ಸು ಕಡಿಮೆ ಆಗುತ್ತದೆ. ಒಬ್ಬರ ವಯಸ್ಸನ್ನು ಇನ್ನೊಬ್ಬರ ಪಕ್ಕ ಇಟ್ಟೇ ಓದಿ, ಒಂಟಿಯಾಗಿ ಓದಬೇಡಿ.

ಗದಗ, ಮೇಕಪ್ ಕೆಲಸ

ನಾನು ನಾಟಕದಿಂದ ಬಂದವನು. ಗದಗ ಅಂದರೆ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯ ಊರು. ಇಲ್ಲಿ ಬಣ್ಣದ ಪೆಟ್ಟಿಗೆ ಹಿಡಿದವರಿಗೆ ಕಂಪನಿ ನಾಟಕದ ಕೈ ಬಂದೇ ಬಂದಿರುತ್ತದೆ. ಸ್ಟೇಜಿನಲ್ಲಿ ಮುದುಕನನ್ನು ಮಾಡೋದು ಸುಲಭ. ಹಣೆಗೆ, ಬಾಯಿ ಪಕ್ಕಕ್ಕೆ ಪೆನ್ಸಿಲ್‌ನಲ್ಲಿ ಗೆರೆ, ಕೂದಲಿಗೆ ಬಿಳಿ. ಕೊನೆಯ ಸಾಲಿನಲ್ಲಿ ಕೂತವರಿಗೂ ಕಾಣಬೇಕು, ಅಷ್ಟೇ. ಅದೇ ಗೆರೆ ಕ್ಲೋಸಪ್ಪಿನಲ್ಲಿ ಬಂದರೆ ಗೋಡೆಗೆ ಸುಣ್ಣ ಬಳಿದ ಹಾಗೆ ಕಾಣುತ್ತದೆ. ಕ್ಯಾಮೆರಾಕ್ಕೆ ಬೇರೆ ಕೆಲಸ. ಚರ್ಮವನ್ನು ಎಳೆದು ಹಿಡಿದು ಲ್ಯಾಟೆಕ್ಸ್ (ರಬ್ಬರಿನ ದ್ರವ) ತೆಳ್ಳಗೆ ಹಚ್ಚಬೇಕು, ಡ್ರೈಯರ್‌ನಲ್ಲಿ ಒಣಗಿಸಬೇಕು, ಆಮೇಲೆ ಕೈ ಬಿಡಬೇಕು. ಚರ್ಮ ವಾಪಸ್ ಬರುವಾಗ ಸಣ್ಣ ಸಣ್ಣ ಸುಕ್ಕು ತಾವೇ ಏಳುತ್ತವೆ.

ಇದಕ್ಕೆಲ್ಲ ಟೈಮ್ ಬೇಕು. ಡೈಲಿ ಸೀರಿಯಲ್‌ನಲ್ಲಿ ಎಲ್ಲಿಯ ಟೈಮ್? ಹಾಗಾಗಿ ಕಿವಿ ಮೇಲೆ ಒಂದು ಬಿಳಿ ಪಟ್ಟಿ, ಕನ್ನಡಕ, ಕೈಮಗ್ಗದ ಸೀರೆ. ಮುಗೀತು, ಅಜ್ಜಿ ರೆಡಿ. 1986ರ ಹಿಂದಿ ಧಾರಾವಾಹಿ 'ಬುನಿಯಾದ್' ಸಿಕ್ಕರೆ ನೋಡಿ. ಅದರ ನಾಯಕ ನಟ ಅಲೋಕ್ ನಾಥ್ ಆಗ ಮೂವತ್ತರ ಆಸುಪಾಸಿನವರು, ಹರೆಯದಿಂದ ಮುಪ್ಪಿನವರೆಗೆ ಒಂದೇ ಪಾತ್ರ. ಮೇಕಪ್ ಎಷ್ಟು, ನಡಿಗೆ ಎಷ್ಟು, ದನಿ ಎಷ್ಟು ಅಂತ ಬೇರೆ ಮಾಡಿ ನೋಡಲು ಅದು ಒಳ್ಳೆ ಮಾಲು.

ಹಾವೇರಿ, ಗೃಹಿಣಿ

ನನಗೆ ಈ ಟೆಕ್ನಿಕ್ ಎಲ್ಲ ಗೊತ್ತಿಲ್ಲರೀ. ನಮ್ಮ ಅತ್ತೆಯವರ ಜೊತೆ ದಿನಾ ಸಂಜೆ ಟಿವಿ ಮುಂದೆ ಕೂರುತ್ತೇನೆ, ಅವರಿಗೆ 76. ನಾನು ಬದನೆಕಾಯಿ ಹೆಚ್ಚುತ್ತಾ ಅರ್ಧ ನೋಡುತ್ತೇನೆ, ಅವರು ಪೂರ್ತಿ ನೋಡುತ್ತಾರೆ. ಹೋದ ವಾರ ಒಂದು ಸೀರಿಯಲ್‌ನಲ್ಲಿ ಅಜ್ಜಿ ಮೊಮ್ಮಗಳ ತಲೆ ಸವರುವ ದೃಶ್ಯ ಬಂತು. ಅತ್ತೆಯವರು ನಕ್ಕರು. "ಮಾರಿಗೆ ಎಪ್ಪತ್ತ ಬಳದಾರ, ಕೈಗೆ ಮೂವತ್ತ ಐತಿ ನೋಡ" ಅಂದರು. ನೋಡಿದೆ, ಹೌದು. ಬೆರಳು ಮೇಣದ ಹಾಗೆ ನುಣ್ಣಗೆ. ಅತ್ತೆಯವರ ಕೈ ಮೇಲೆ ನರ ಎದ್ದಿವೆ, ಹೆಬ್ಬೆರಳಿನ ಉಗುರು ಮೆಣಸಿನಕಾಯಿ ಬಿಡಿಸಿ ಬಿಡಿಸಿ ಕೆಂಪಾಗಿ ಹಾಗೇ ಉಳಿದಿದೆ. ಬ್ಯಾಡಗಿ ಸೀಮೆಯ ಕೈ ಅದು. ಅವತ್ತಿನಿಂದ ನಾವಿಬ್ಬರೂ ಬರೀ ಕೈ ನೋಡುತ್ತೇವೆ.

ಸೌಂಡ್ ಬಗ್ಗೆ ನನ್ನದೊಂದು ಸಿಟ್ಟು. ಅಜ್ಜ ಬರುವ ಮೊದಲೇ ಕೆಮ್ಮು ಕೇಳಿಸುತ್ತದೆ, ಇಲ್ಲ ಕೋಲಿನ ಟಕ್ ಟಕ್. ನಮ್ಮ ಮಾವನವರು ಕೊನೆಯವರೆಗೂ ಕೋಲು ಹಿಡಿಯಲಿಲ್ಲ. ಇನ್ನೊಂದು, ಆ ಮನೆಯಲ್ಲಿ ನಮ್ಮ ಕಡೆಯ ಭಾಷೆ ಮಾತಾಡೋದು ಅಜ್ಜಿ ಮತ್ತು ಅಡುಗೆಯವಳು ಮಾತ್ರ. ಮಗ, ಸೊಸೆ, ಮೊಮ್ಮಕ್ಕಳು ಎಲ್ಲ ಬೆಂಗಳೂರು ಕನ್ನಡ. ಅಜ್ಜಿ ಹೊಟ್ಟೆಯಿಂದ ಬಂದ ಮಗನಿಗೆ ಅಜ್ಜಿ ಮಾತು ಬರೋದಿಲ್ವಾ? ನಮ್ಮ ಮಾತು ಹಳೆಯದು, ನಗೋದಕ್ಕೆ ಇರೋದು ಅಂತ ತಾನೇ ಅರ್ಥ?

ಹುಬ್ಬಳ್ಳಿ, ಕಾಲೇಜು ಮಾಸ್ತರ

ಅಕ್ಕಾರ, ಟೆಕ್ನಿಕ್ ಗೊತ್ತಿಲ್ಲ ಅಂತ ಹೇಳಿ ಎಲ್ಲರಿಗಿಂತ ಒಳ್ಳೆ ಪಾಯಿಂಟ್ ಹೇಳಿದಿರಿ. ತಂಗಿ, ಇದನ್ನು ಬರೆದುಕೊಳ್ಳಿ. ಪಾತ್ರ ಕಾಣುವ ಮೊದಲೇ ಬರುವ ಕೋಲಿನ ಸದ್ದು ಕಥೆಯ ಒಳಗಿನದು, ಮನೆಯವರಿಗೂ ಕೇಳುತ್ತದೆ. ಹಿಂದೆ ಬರುವ ಕೊಳಲು ಕಥೆಯ ಹೊರಗಿನದು, ನಮಗೆ ಮಾತ್ರ. ಎರಡನ್ನೂ ಬೇರೆ ಬರೆಯಿರಿ. ಕೋಲಿನ ಸದ್ದಿಗೆ ಮನೆಯವರು ಎದ್ದು ನಿಂತರಾ, ಮುಖ ಕಿವುಚಿದರಾ ಅಂತ ಕೂಡ ನೋಡಿ.

ಧಾರವಾಡ, ಪ್ರಶ್ನೆ ಕೇಳಿದವಳು

ನಿನ್ನೆ ರಾತ್ರಿ ಕೂತು ಲೆಕ್ಕ ಹಾಕಿದೆ. ತಲೆ ತಿರುಗಿತು. ಐದು ನಿಮಿಷದಲ್ಲಿ 71 ಶಾಟ್. ಅಜ್ಜಿ ಒಬ್ಬಳೇ ಇರುವುದು 14. ಅದರಲ್ಲಿ 11 ಶಾಟ್‌ನಲ್ಲಿ ಅವಳು ಮಾತಾಡುತ್ತಿಲ್ಲ, ಬೇರೆಯವರ ಮಾತು ಕೇಳುತ್ತಿದ್ದಾಳೆ. ನಾನು ಬರೆದಿದ್ದ ಲೋ ಆ್ಯಂಗಲ್ ನಿಜಕ್ಕೂ ಮೊಮ್ಮಗನದು. ಮಾಸ್ತರ್ ಹೇಳಿದ ಹಾಗೆ ಕ್ಯಾಮೆರಾ ಅಜ್ಜಿ ಪಕ್ಕ ಕೂತಿದೆ, ಆದರೆ ಸಹಿ ಹಾಕುವವರೆಗೆ ಮಾತ್ರ. ಸಹಿ ಹಾಕುವಾಗ ಅವಳ ಮುಖವೇ ಇಲ್ಲ. ಪೆನ್ನು ಹಿಡಿದ ಕೈ ಇದೆ, ಕಾಗದ ಇದೆ, ಆಮೇಲೆ ಮೊಮ್ಮಗನ ಮುಖಕ್ಕೆ ಮೂರು ಸಲ ಝೂಮ್. ಮುಂದಿನ ಶಾಟ್‌ನಿಂದ ಕ್ಯಾಮೆರಾ ನಿಂತವರ ಎತ್ತರಕ್ಕೆ ಹೋಗಿಬಿಡುತ್ತದೆ. ಅಜ್ಜಿ ಮೇಲಿನಿಂದ ಕಾಣುತ್ತಾಳೆ, ಚಿಕ್ಕದಾಗಿ, ತೂಗುಮಂಚದ ಒಂದು ತುದಿಯಲ್ಲಿ. ಆಸ್ತಿ ಇರುವವರೆಗೆ ಅವಳ ಎತ್ತರ, ಹೋದ ಮೇಲೆ ಅವರ ಎತ್ತರ ಅಂತ ಬರೆದಿದ್ದೇನೆ. ಸರಿ ಇದೆಯಾ ಸರ್?

ಅಕ್ಕಾರ ಮಾತು ನೆನಪಾಗಿ ಕೈ ಕೂಡ ನಿಲ್ಲಿಸಿ ನೋಡಿದೆ. ಹಸಿರು ಬಳೆ ಇದೆ. ಆದರೆ ಆ ಕೈ ಅಜ್ಜಿಯದೇ ಅನ್ನಿಸುತ್ತಿಲ್ಲ. ಮಣಿಕಟ್ಟು ದಪ್ಪ ಇದೆ.

ಹುಬ್ಬಳ್ಳಿ, ಕಾಲೇಜು ಮಾಸ್ತರ

ಸರಿ ಇದೆ. ಕೊಟ್ಟುಬಿಡಿ. ಕೈ ಯಾರದು ಅಂತ ಊಹೆ ಬರೆಯಬೇಡಿ, ಮುಖ ಇಲ್ಲ, ಕೈ ಮಾತ್ರ ಇದೆ ಅನ್ನೋದು ಸಾಕು.

ಬೆಂಗಳೂರು (ಊರು ಹಾವೇರಿ), ಎಡಿಟರ್

ಅಜ್ಜಿ ಪಾತ್ರದವರು ಆ ದಿನ ಡೇಟ್ ಕೊಟ್ಟಿರಲಿಕ್ಕಿಲ್ಲ. ಮುಖದ ಶಾಟ್ ಎಲ್ಲ ಮೊದಲೇ ತೆಗೆದು, ಕೈ ಆಮೇಲೆ ತೆಗೆಯುತ್ತಾರೆ. ಸೆಟ್‌ನಲ್ಲಿ ಯಾರು ಖಾಲಿ ಇದ್ದಾರೋ ಅವರಿಗೆ ಬಳೆ ಹಾಕುತ್ತಾರೆ. ನಾನು ಅಸಿಸ್ಟೆಂಟ್ ಆಗಿದ್ದಾಗ ಎರಡು ಸಲ ಆಸ್ತಿ ಬರೆದುಕೊಟ್ಟಿದ್ದೇನೆ. ಬಳೆ ಏರಲಿಲ್ಲ ಅಂತ ಸೋಪು ಹಚ್ಚಿದ್ದರು.