ಹಳೆಯ ಬೀಟೆ ಮರದ ಪೆಟ್ಟಿಗೆಯಲ್ಲಿ ಸರ, ಬಳೆ, ಓಲೆಗಳನ್ನು ಇಡಬಹುದೇ?

ಪ್ರಶ್ನೆ:
ನಮಸ್ಕಾರ. ಅಜ್ಜಿಯ ಕಾಲದ ಮೈಸೂರು ಕುಸುರಿಯ ಬೀಟೆ ಮರದ ಪೆಟ್ಟಿಗೆಯೊಂದು ನಮ್ಮ ಮನೆಯಲ್ಲಿದೆ. ಮುಚ್ಚಳದ ಮೇಲೆ ಬಿಳಿಯ ಚೂರುಗಳನ್ನು ಕೂರಿಸಿ ಬಳ್ಳಿ ಮತ್ತು ಆನೆಯ ಚಿತ್ತಾರ ಮಾಡಿದ್ದಾರೆ. ಸೊಂಡಿಲಿನ ಬಳಿಯ ಒಂದು ಚೂರು ಸಡಿಲವಾಗಿದ್ದು, ಉಗುರು ತಗುಲಿದರೂ ಅಲುಗುತ್ತದೆ. ಒಳಗಿನ ಕೆಂಪು ಮಖಮಲ್ಲು ಪೂರ್ತಿ ಸವೆದಿದೆ. ನಾನು ತೊಡುವ ಬಳೆ, ಓಲೆ, ಮುತ್ತಿನ ಸರ, ಬೆಳ್ಳಿ ಗೆಜ್ಜೆಗಳನ್ನು ಇದರಲ್ಲೇ ಇಡಬೇಕೆಂಬ ಆಸೆಯಿದೆ. ಹೊಸದಾಗಿ ಪಾಲಿಶ್ ಮಾಡಿಸಬೇಕೇ? ಬಿಳಿಯ ಚೂರುಗಳು ದಂತದವಾಗಿದ್ದರೆ ಕಾನೂನಿನ ತೊಡಕು ಇದೆಯೇ?

ಉತ್ತರ 1:
ಖಂಡಿತ ಬಳಸಿ, ಆದರೆ ಎಲ್ಲವನ್ನೂ ಅದರಲ್ಲಿ ತುಂಬಬೇಡಿ. ಮುಚ್ಚಿದ ಪೆಟ್ಟಿಗೆಯೊಳಗೆ ಮರವು ಸಣ್ಣ ಪ್ರಮಾಣದಲ್ಲಿ ಆಮ್ಲದ ಆವಿಯನ್ನು ಬಿಡುತ್ತಲೇ ಇರುತ್ತದೆ. ಮುತ್ತು ಮತ್ತು ಕಪ್ಪೆಚಿಪ್ಪಿನ ಮುಖ್ಯ ಅಂಶ ಕ್ಯಾಲ್ಸಿಯಂ ಕಾರ್ಬೊನೇಟ್ ಆದ್ದರಿಂದ ಬಹುಕಾಲ ಅಲ್ಲೇ ಇದ್ದರೆ ಅವುಗಳ ಹೊಳಪು ಕುಂದುತ್ತದೆ. ಬೆಳ್ಳಿ ಕಪ್ಪಾಗುವುದು ಗಂಧಕದಿಂದ. ಉಣ್ಣೆಯ ಬಟ್ಟೆ ಮತ್ತು ರಬ್ಬರ್ ಬ್ಯಾಂಡುಗಳನ್ನು ಅದರ ಹತ್ತಿರ ಸುಳಿಯಗೊಡಬೇಡಿ. ಮುತ್ತಿನ ಸರವನ್ನೂ ಗೆಜ್ಜೆಯನ್ನೂ ಬೇರೆಡೆ ಇಟ್ಟು, ಗಾಜಿನ ಬಳೆ, ಕ್ಲಿಪ್ಪು, ಚಿನ್ನದ ಓಲೆಗಳಿಗೆ ಈ ಪೆಟ್ಟಿಗೆಯನ್ನು ಮೀಸಲಿಡುವುದು ಒಳ್ಳೆಯದು. ಅಡಿಗೆ ಹಾಸಲು ಚೆನ್ನಾಗಿ ಒಗೆದ, ಗಂಜಿ ಹಾಕದ ಬಿಳಿ ಹತ್ತಿ ಬಟ್ಟೆಯೇ ಸಾಕು, ಏಕೆಂದರೆ ಗಂಜಿಯ ರುಚಿಗೆ ಬೆಳ್ಳಿಮೀನು ಹುಳುಗಳು ಬರುತ್ತವೆ.

ಉತ್ತರ 2:
ಕಾನೂನಿನ ವಿಷಯ ಹೇಳುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಆದ ತಿದ್ದುಪಡಿಯು ಭಾರತದ ಆನೆದಂತದ ವ್ಯಾಪಾರವನ್ನು ನಿಷೇಧಿಸಿತು. 1991ರ ತಿದ್ದುಪಡಿಯಲ್ಲಿ ಆಫ್ರಿಕಾದ ದಂತವೂ ಸೇರಿತು. ಆದ್ದರಿಂದ ನಿಮ್ಮದು ದಂತದ್ದೇ ಆದರೆ ಮಾರುವ ಯೋಚನೆ ಬೇಡ. ಮನೆಯಲ್ಲಿ ಇಟ್ಟುಕೊಳ್ಳುವ ಕುರಿತು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಮೈಸೂರಿನ ಅಂಬಾವಿಲಾಸ ಅರಮನೆಯ ಬಾಗಿಲುಗಳಲ್ಲಿ ಬೀಟೆಗೆ ದಂತ ಕೂರಿಸಿದ ಇದೇ ಕೈಚಳಕವನ್ನು ನೋಡಬಹುದು, ಆದರೆ ಈಗಿನ ಕುಶಲಕರ್ಮಿಗಳು ಬಣ್ಣಬಣ್ಣದ ಮರದ ಚೂರುಗಳನ್ನೂ ಪ್ಲಾಸ್ಟಿಕ್ಕನ್ನೂ ಬಳಸುತ್ತಾರೆ. ಭೂತಗನ್ನಡಿಯಲ್ಲಿ ನೋಡಿದಾಗ ಅಡ್ಡಕೊಯ್ದ ದಂತದಲ್ಲಿ ಒಂದನ್ನೊಂದು ಹಾದುಹೋಗುವ ಸಣ್ಣ ಗೆರೆಗಳು ಕಾಣುತ್ತವೆ. ಪ್ಲಾಸ್ಟಿಕ್ಕಿನಲ್ಲಿ ಅವು ಇರುವುದಿಲ್ಲ. ಕಾದ ಸೂಜಿ ಚುಚ್ಚಿ ನೋಡುವ ಪರೀಕ್ಷೆಯನ್ನು ಯಾರೇ ಹೇಳಿದರೂ ಮಾಡಬೇಡಿ, ಆ ಕಲೆ ಶಾಶ್ವತವಾಗಿ ಉಳಿಯುತ್ತದೆ.

ಉತ್ತರ 3:
ಪಾಲಿಶ್ ಬೇಡವೆಂದೇ ನನ್ನ ಒತ್ತಾಯ. ಮರಗೆಲಸದವರು ಮೊದಲು ಉಪ್ಪುಕಾಗದದಿಂದ ಉಜ್ಜುತ್ತಾರೆ. ಅದರ ಜೊತೆಗೆ ಚೂರುಗಳ ಮೇಲೆ ಗೀರಿದ ಕಣ್ಣು, ಕಿವಿ, ಜೂಲಿನ ನವಿರಾದ ಗೆರೆಗಳೂ ಹೋಗುತ್ತವೆ. ಹಳೆಯ ಪೆಟ್ಟಿಗೆಗಳ ಹೊಳಪು ಬಹುಪಾಲು ಅರಗಿನದು, ಅದು ಸ್ಪಿರಿಟ್ಟಿಗೆ ಕರಗುತ್ತದೆ. ಸ್ಯಾನಿಟೈಸರ್ ಹಚ್ಚಿದ ಕೈಯಿಂದಲೂ ಮುಟ್ಟಬೇಡಿ. ಪ್ರಾಣಿಗಳ ಚರ್ಮ, ಮೂಳೆಗಳಿಂದ ಮಾಡಿದ ಹಳೆಯ ಅಂಟು ನೀರಿಗೆ ಬಿಡುತ್ತದೆ, ಆದ್ದರಿಂದ ಒದ್ದೆ ಬಟ್ಟೆಯೂ ಬೇಡ. ಮೆತ್ತನೆಯ ಒಣ ಕುಂಚದಿಂದ ಧೂಳು ತೆಗೆದರೆ ಸಾಕು. ಎಣ್ಣೆ ಸವರುವ ಅಭ್ಯಾಸ ಹಲವರಿಗಿದೆ, ಆದರೆ ಅದು ಜಿಗುಟಾಗಿ ಧೂಳನ್ನು ಹಿಡಿಯುತ್ತದೆ. ಬೀಟೆಯ ಚೇಗಿಗೆ, ಅಂದರೆ ಮರದ ಗಟ್ಟಿ ಒಳತಿರುಳಿಗೆ, ಹುಳು ಬೀಳುವುದು ಅಪರೂಪವಾದರೂ ಅಡಿಹಲಗೆ ಅಗ್ಗದ ಮರದ್ದಾಗಿದ್ದರೆ ಕುಟ್ಟೆ ಹಿಡಿಯಬಹುದು. ಕೆಳಗೆ ಕಪ್ಪು ಕಾಗದ ಹಾಸಿ, ಹಿಟ್ಟಿನಂಥ ಪುಡಿ ಬೀಳುತ್ತದೆಯೇ ಎಂದು ಗಮನಿಸಿ. ಸಡಿಲವಾದ ಚೂರು ಕಳಚಿ ಬಂದರೆ ಫೆವಿಕ್ವಿಕ್ ಹಾಕದೆ, ಚಿಕ್ಕ ಕಾಗದದ ಪೊಟ್ಟಣದಲ್ಲಿ ಮಡಿಸಿ ಪೆಟ್ಟಿಗೆಯೊಳಗೇ ಇಟ್ಟು, ಮೈಸೂರಿನಲ್ಲಿ ಕುಸುರಿ ಕೆಲಸ ಬಲ್ಲವರ ಕೈಗೆ ಒಪ್ಪಿಸಿ.