ಕ್ವಾರ್ಟರ್‌ಬ್ಯಾಕ್‌ಗೆ 34 ವಯಸ್ಸು, ಕಾಂಟ್ರಾಕ್ಟ್ ಇನ್ನೂ 3 ವರ್ಷ: ಇಟ್ಟುಕೊಳ್ಳಲೋ, ಕಳಿಸಲೋ?

ಕಕ್ಕಬ್ಬೆ_ಹುಡುಗ ಕೇಳಿದ್ದು:

ಎನ್‌ಎಫ್‌ಎಲ್ ನೋಡುವವರು ಇಲ್ಲಿ ಯಾರಾದರೂ ಇದ್ದೀರಾ? ಅಮೆರಿಕದ ಫುಟ್‌ಬಾಲ್, ಉದ್ದ ಚೆಂಡಿನದ್ದು. ಟೆಕ್ಸಾಸ್‌ನಲ್ಲಿರುವ ನನ್ನ ಕಸಿನ್ ಮತ್ತು ಅವನ ಆಫೀಸಿನವರು ಆನ್‌ಲೈನ್ ಲೀಗ್ ಒಂದನ್ನು ನಡೆಸುತ್ತಾರೆ. ಸ್ಯಾಲರಿ ಕ್ಯಾಪ್ (ತಂಡದ ಒಟ್ಟು ಸಂಬಳಕ್ಕೆ ವರ್ಷದ ಮಿತಿ), ಕಾಂಟ್ರಾಕ್ಟ್ ಎಲ್ಲವೂ ನಿಜವಾದ ಎನ್‌ಎಫ್‌ಎಲ್ ನಿಯಮದಂತೆ. ಒಬ್ಬ ಬಿಟ್ಟು ಹೋದ, ಅವನ ತಂಡ ನನ್ನ ತಲೆಗೆ ಬಂತು. ಅದರ ಜೊತೆ ಈ 34ರ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಮಹಾನುಭಾವನೂ ಬಂದ.

ಅವನ ಲೆಕ್ಕ ಹೀಗಿದೆ. 2023ರಲ್ಲಿ 5 ವರ್ಷಕ್ಕೆ ಸಹಿ, ಸಹಿ ಹಾಕಿದಾಗಲೇ ಕೊಟ್ಟ ಸೈನಿಂಗ್ ಬೋನಸ್ 60 ಮಿಲಿಯನ್ ಡಾಲರ್. ಈ ವರ್ಷದ (2025) ಸಂಬಳ 22 ಮಿಲಿಯನ್, ಪೂರ್ತಿ ಗ್ಯಾರಂಟಿ. 2026ಕ್ಕೆ 28, 2027ಕ್ಕೆ 30. ಅವೆರಡಕ್ಕೆ ಸದ್ಯ ಗ್ಯಾರಂಟಿ ಇಲ್ಲ. 2026ರದ್ದು ಆ ವರ್ಷದ ಮಾರ್ಚ್‌ನಲ್ಲಿ ಲೀಗ್ ವರ್ಷ ಶುರುವಾಗಿ 5ನೇ ದಿನಕ್ಕೆ ಗ್ಯಾರಂಟಿ ಆಗುತ್ತದೆ.

ಇಟ್ಟುಕೊಂಡರೆ ಕ್ಯಾಪ್‌ನಲ್ಲಿ 34 ಮಿಲಿಯನ್ ಅಂತ ತೋರಿಸುತ್ತಿದೆ. ಈಗ ತೆಗೆದುಹಾಕಿದರೆ 58 ಮಿಲಿಯನ್ ಡೆಡ್ ಮನಿ (ತಂಡದಲ್ಲಿಲ್ಲದವನ ಹೆಸರಲ್ಲಿ ಕ್ಯಾಪ್‌ಗೆ ಬೀಳುವ ಲೆಕ್ಕ) ಅಂತೆ! ಆಡುವವನಿಗಿಂತ ಆಡದವನೇ ದುಬಾರಿನಾ? ಯಾರಾದರೂ ಬಿಡಿಸಿ ಹೇಳಿ. ಕೊಯ್ಲು ಮುಗಿದಿದೆ, ಓದಲು ಪುರುಸೊತ್ತಿದೆ.

ನಾಪೋಕ್ಲು_ಸೆಂಟರ್‌ಹಾಫ್:

ಇದಕ್ಕೇ ನಾವು ಹಾಕಿಗೆ ಅಂಟಿಕೊಂಡಿರುವುದು ಮಾರಾಯ. 1997ರಲ್ಲಿ ಕೊಡಗಿನ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕೌಟುಂಬಿಕ ಹಾಕಿ ಶುರು ಮಾಡಿದಾಗಿನಿಂದ ನಿಯಮ ಒಂದೇ. ನೀನು ಯಾವ ಒಕ್ಕವೋ (ಮನೆತನವೋ) ಆ ತಂಡ. ಸಂಬಳವೂ ಇಲ್ಲ, ಗ್ಯಾರಂಟಿಯೂ ಇಲ್ಲ. 34ರ ಸೆಂಟರ್ ಫಾರ್ವರ್ಡ್‌ನನ್ನು ಕೂರಿಸಬೇಕಾದರೆ ಅವನ ಅಮ್ಮನ ಹತ್ತಿರ ಮಾತಾಡಬೇಕು, ಅಷ್ಟೇ.

ಗೋಣಿಕೊಪ್ಪ_ಲೆಕ್ಕದವ:

ನಾನು ಎಸ್ಟೇಟ್‌ಗಳ ಲೆಕ್ಕಪತ್ರ ಬರೆಯುವವನು. ಭಾನುವಾರ ರಾತ್ರಿ ಹತ್ತೂವರೆಗೆ ಎನ್‌ಎಫ್‌ಎಲ್ ಹಚ್ಚಿಕೊಂಡು ಕೂರುವ ಚಟವೂ ಇದೆ. ಹಾಗಾಗಿ ನಿಮ್ಮ ಪ್ರಶ್ನೆ ನೋಡಿ ಖುಷಿಯಾಯಿತು.

ಮೊದಲು ಬೋನಸ್. ಎಸ್ಟೇಟ್‌ನವರು ಕಾಫಿ ಪಲ್ಪರ್ ಯಂತ್ರ ತಂದಾಗ ದುಡ್ಡು ಅವತ್ತೇ ಹೋಗುತ್ತದೆ, ಪುಸ್ತಕದಲ್ಲಿ ಮಾತ್ರ ಖರ್ಚನ್ನು ವರ್ಷಗಳಿಗೆ ಹಂಚುತ್ತೇವೆ. ಇದೂ ಅದೇ. 60 ಮಿಲಿಯನ್ ಕ್ಯಾಪ್ ಲೆಕ್ಕದಲ್ಲಿ 5 ವರ್ಷಕ್ಕೆ ಹಂಚಿಹೋಗಿದೆ, ವರ್ಷಕ್ಕೆ 12. ಎನ್‌ಎಫ್‌ಎಲ್‌ನಲ್ಲಿ 5 ವರ್ಷಕ್ಕಿಂತ ಜಾಸ್ತಿ ಹಂಚಲು ಬಿಡುವುದಿಲ್ಲ. 2023, 2024ರ ಪಾಲು ಮುಗಿದಿದೆ. ಉಳಿದಿರುವುದು 36.

ಆಟಗಾರನನ್ನು ತೆಗೆದ ದಿನ ಆ 36 ಒಟ್ಟಿಗೆ ಈ ವರ್ಷದ ಕ್ಯಾಪ್ ಮೇಲೆ ಬೀಳುತ್ತದೆ. ಗ್ಯಾರಂಟಿ ಸಂಬಳ 22 ಹೇಗೂ ಕೊಡಲೇಬೇಕು. 36 ಕೂಡಿಸು 22, ನಿಮ್ಮ 58. ಇಟ್ಟುಕೊಂಡರೆ 22 ಮತ್ತು 12, ಅಂದರೆ 34. ಹಾಗಾಗಿ ಈಗ ತೆಗೆದರೆ 24 ಮಿಲಿಯನ್ ಜಾಗ ಸುಮ್ನೆ ಹೋಗುತ್ತದೆ, ಮೇಲೆ ಆಡಲು ಜನವೂ ಇಲ್ಲ.

ಜೂನ್ 1ರ ನಂತರ ತೆಗೆದರೆ ಈ ವರ್ಷದ 12 ಇಲ್ಲೇ, ಮಿಕ್ಕ 24 ಮುಂದಿನ ವರ್ಷಕ್ಕೆ. ಆದರೆ 22 ಗ್ಯಾರಂಟಿ ಇರುವುದರಿಂದ ಈ ವರ್ಷ ಆಗಲೂ 34ಏ. ಒಂದು ಪೈಸೆ ಉಳಿಯಲ್ಲ.

ಡೆಡ್ ಮನಿ ಅನ್ನುವ ಕೆಂಪು ಅಂಕಿಯನ್ನೇ ನೋಡುತ್ತಾ ಕೂರಬೇಡಿ. ಬೋನಸ್ ಕೊಟ್ಟಾಗಿದೆ, ಇಟ್ಟರೂ ತೆಗೆದರೂ ಅದು ಯಾವುದೋ ವರ್ಷದ ಲೆಕ್ಕಕ್ಕೆ ಬಂದೇ ಬರುತ್ತದೆ. ನೋಡಬೇಕಾದದ್ದು ಇನ್ನೂ ಕೊಡದ ಸಂಬಳ, ಅದು ಗ್ಯಾರಂಟಿ ಆಗುವ ತಾರೀಕು.

ಡೆನ್ವರ್ ತಂಡ ಮತ್ತು ಅದರ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್ ಕಥೆ ನೆನಪಿದೆಯಾ? 2022ರ ಸೆಪ್ಟೆಂಬರ್‌ನಲ್ಲಿ, ಅವನು ಡೆನ್ವರ್‌ಗೆ ಒಂದೂ ಲೀಗ್ ಪಂದ್ಯ ಆಡುವ ಮೊದಲೇ, 5 ವರ್ಷ 245 ಮಿಲಿಯನ್‌ಗೆ ಕಾಂಟ್ರಾಕ್ಟ್ ವಿಸ್ತರಿಸಿದರು. 2025ರ ಸಂಬಳ 37 ಮಿಲಿಯನ್ 2024ರ ಮಾರ್ಚ್‌ನಲ್ಲೇ, ಲೀಗ್ ವರ್ಷದ 5ನೇ ದಿನ, ಗ್ಯಾರಂಟಿ ಆಗುವುದಿತ್ತು. 2023ರ ಸೀಸನ್ನಿನ ಕೊನೆಯ 2 ಪಂದ್ಯಕ್ಕೆ ಅವನನ್ನು ಬೆಂಚಿನಲ್ಲಿ ಕೂರಿಸಿದರು. ಗಾಯವಾದರೆ ಆ 37 ಕೊರಳಿಗೆ ಸುತ್ತಿಕೊಳ್ಳುತ್ತಿತ್ತು. ಮಾರ್ಚ್‌ನಲ್ಲಿ ಬಿಟ್ಟೇಬಿಟ್ಟರು. ಸುಮಾರು 85 ಮಿಲಿಯನ್ ಡೆಡ್ ಮನಿ, ಅಲ್ಲಿಯವರೆಗಿನ ದಾಖಲೆ, 2 ವರ್ಷಕ್ಕೆ ಹಂಚಿದ್ದು. ಎಲ್ಲರೂ ನಕ್ಕರು. 2024ರಲ್ಲಿ ಅವನು ಪಿಟ್ಸ್‌ಬರ್ಗ್‌ಗೆ ಆಡಿದ, ಅವರು ಕೊಟ್ಟದ್ದು 1.21 ಮಿಲಿಯನ್. ಆ ವರ್ಷಕ್ಕೆ ಅವನಿಗೆ ಗ್ಯಾರಂಟಿ ಇದ್ದ 39 ಮಿಲಿಯನ್‌ನಲ್ಲಿ ಉಳಿದದ್ದೆಲ್ಲ ಡೆನ್ವರ್ ಜೇಬಿನಿಂದ. ಆದರೆ ಅದೇ ಡೆನ್ವರ್ ಡ್ರಾಫ್ಟ್‌ನಲ್ಲಿ (ಕಾಲೇಜಿನಿಂದ ಬರುವ ಹುಡುಗರನ್ನು ಸರದಿಯಂತೆ ಆರಿಸುವುದು) 12ನೆಯವನಾಗಿ ಬೋ ನಿಕ್ಸ್ ಎಂಬ ಹೊಸ ಕ್ವಾರ್ಟರ್‌ಬ್ಯಾಕ್‌ನನ್ನು ತೆಗೆದುಕೊಂಡಿತು. 4 ವರ್ಷಕ್ಕೆ ಒಟ್ಟು ಸುಮಾರು 18.6 ಮಿಲಿಯನ್. ಆ ಭಾರ ಹೊತ್ತುಕೊಂಡೇ ಅದೇ ಸೀಸನ್ನಿನಲ್ಲಿ ಪ್ಲೇಆಫ್‌ಗೆ ಹೋದರು. ನನ್ನ ಕೇಳಿದರೆ ಡೆನ್ವರ್‌ನವರು ಬಿಟ್ಟದ್ದು ಸರಿ, ಸಹಿ ಹಾಕಿಸಿದ್ದು ತಪ್ಪು.

ನಿಮಗೆ ಹೇಳುವುದಿಷ್ಟು. ಈ ವರ್ಷ ಆಡಿಸಿ. ಮುಂದಿನ ಮಾರ್ಚ್‌ನ ಆ 5ನೇ ದಿನಕ್ಕೆ ಮೊಬೈಲ್‌ನಲ್ಲಿ ಅಲಾರಂ ಇಡಿ. ಅದಕ್ಕೆ ಮೊದಲು ಬಿಟ್ಟರೆ 2026ರ ಕ್ಯಾಪ್‌ನಲ್ಲಿ 40 ಮಿಲಿಯನ್ (28 ಸಂಬಳ, 12 ಬೋನಸ್) ಬದಲು 24ಕ್ಕೆ ಮುಗಿಯುತ್ತದೆ.

ಪಾಲಿಬೆಟ್ಟ_10:

ಅಷ್ಟೆಲ್ಲ ಯಾಕೆ? ರಿಸ್ಟ್ರಕ್ಚರ್ ಮಾಡಿ. ಸಂಬಳದಲ್ಲಿ 18 ಮಿಲಿಯನ್ ತೆಗೆದು ಬೋನಸ್ ಅಂತ ಬರೆದರೆ ಉಳಿದ 3 ವರ್ಷಕ್ಕೆ 6, 6, 6. ಈ ವರ್ಷ 12 ಮಿಲಿಯನ್ ಜಾಗ ಫ್ರೀ. ಕ್ಯಾಪ್ ಹೇಗೂ ಏರುತ್ತಲೇ ಇರುತ್ತದೆ. 2024ರಲ್ಲಿ 255.4 ಮಿಲಿಯನ್ ಇದ್ದದ್ದು 2025ಕ್ಕೆ 279.2 ಆಗಿದೆ. ನ್ಯೂ ಆರ್ಲಿಯನ್ಸ್ ತಂಡ ಪ್ರತಿ ವರ್ಷ ಇದನ್ನೇ ಮಾಡುತ್ತದೆ.

ನಮ್ಮ ಫುಟ್‌ಬಾಲ್‌ನಲ್ಲಿ ಚೆಲ್ಸಿಯೂ ಮಾಡಿದ್ದು ಇದೇ ತಾನೇ? ಎಂಟೆಂಟು ವರ್ಷದ ಕಾಂಟ್ರಾಕ್ಟ್.

ಗೋಣಿಕೊಪ್ಪ_ಲೆಕ್ಕದವ:

ಚೆಲ್ಸಿ ಹಂಚಿದ್ದು ಬೇರೆ ಕ್ಲಬ್‌ಗೆ ಕೊಟ್ಟ ಟ್ರಾನ್ಸ್‌ಫರ್ ಹಣ, ಸಂಬಳ ಅಲ್ಲ. ಅದಕ್ಕೂ 2023ರಲ್ಲಿ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ 5 ವರ್ಷದ ಮಿತಿ ಹಾಕಿತು.

ರಿಸ್ಟ್ರಕ್ಚರ್ ಕೆಟ್ಟದ್ದೇನಲ್ಲ. 26ರ ಹುಡುಗನಿಗಾದರೆ ನಾನೇ ಮಾಡಿ ಅನ್ನುತ್ತಿದ್ದೆ. 34ರವನಿಗೆ ಮಾಡಿದರೆ ಮುಂದಿನ ಮಾರ್ಚ್‌ನಲ್ಲಿ ಅವನನ್ನು ಬಿಡುವಾಗ 24 ಇದ್ದದ್ದು 36 ಆಗುತ್ತದೆ. ಬಿಡಲು ಕೈ ಬರಲ್ಲ, ಇನ್ನೊಂದು ವರ್ಷ ಅಂತ ಇಟ್ಟುಕೊಳ್ಳುತ್ತೀರಿ, ಮತ್ತೆ ರಿಸ್ಟ್ರಕ್ಚರ್. ನ್ಯೂ ಆರ್ಲಿಯನ್ಸ್ ಪ್ರತಿ ವರ್ಷ ಒದ್ದಾಡುವುದು ಇದರಲ್ಲೇ ಅಲ್ವಾ?

ಕ್ಯಾಪ್ ಯಾವಾಗಲೂ ಏರುತ್ತದೆ ಅನ್ನುವುದೂ ಸುಳ್ಳು. ಕೋವಿಡ್‌ಗೆ 2020ರಲ್ಲಿ ಸ್ಟೇಡಿಯಂ ಖಾಲಿ ಹೊಡೆದವು, 198.2 ಇದ್ದದ್ದು 2021ಕ್ಕೆ 182.5ಕ್ಕೆ ಇಳಿಯಿತು. ಮುಂದಕ್ಕೆ ದೂಡಿಟ್ಟವರೆಲ್ಲ ಆಗ ಒಳ್ಳೊಳ್ಳೆ ಆಟಗಾರರನ್ನು ಬಿಡಬೇಕಾಯಿತು.

ಕಕ್ಕಬ್ಬೆ_ಹುಡುಗ:

ಈಗ ಅರ್ಥವಾಯಿತು, ಥ್ಯಾಂಕ್ಸ್. ಆದರೆ ನಿನ್ನೆ ರಾತ್ರಿ ಲೀಗ್‌ನಲ್ಲಿ ಒಬ್ಬ ಮೆಸೇಜ್ ಮಾಡಿದ್ದಾನೆ. ಈ ಕ್ವಾರ್ಟರ್‌ಬ್ಯಾಕ್‌ನನ್ನು ಕೊಟ್ಟರೆ ಡ್ರಾಫ್ಟ್‌ನ ಮೂರನೇ ರೌಂಡ್ ಪಿಕ್ ಕೊಡುತ್ತಾನಂತೆ. ಇಷ್ಟು ಕಡಿಮೆಗಾ ಅಂತ ಉತ್ತರವನ್ನೇ ಕೊಟ್ಟಿಲ್ಲ.

ಗೋಣಿಕೊಪ್ಪ_ಲೆಕ್ಕದವ:

ಮೊದಲೇ ಹೇಳಬಾರದಾ! ಟ್ರೇಡ್‌ನ ಲೆಕ್ಕವೇ ಬೇರೆ. ಬೋನಸ್ಸಿನ 36 ನಿಮ್ಮ ಹತ್ತಿರವೇ ಉಳಿಯುತ್ತದೆ, ಆದರೆ 22 ಸಂಬಳ ಅವನ ಕ್ಯಾಪ್‌ಗೆ ಹೋಗುತ್ತದೆ. ಆಡಿಸಿ ಮುಂದಿನ ವರ್ಷ ಬಿಟ್ಟರೆ ನಿಮಗೆ ಒಟ್ಟು 58, ಈಗ ಕೊಟ್ಟರೆ ಬರೀ 36. ಜೂನ್ 1ರ ಮೊದಲಾದರೆ 36 ಪೂರ್ತಿ ಈ ವರ್ಷವೇ, ಮುಂದಿನ ವರ್ಷ ಸ್ಲೇಟು ಖಾಲಿ. ನಂತರವಾದರೆ ಈ ವರ್ಷ 12, ಮುಂದಿನ ವರ್ಷ 24. ಈ ವರ್ಷ ಗೆಲ್ಲುವ ತಂಡವಲ್ಲ ಅಂತಾದರೆ ಈಗಲೇ ಮುಗಿಸಿ.

ಪಿಕ್ ಮೂರನೇ ರೌಂಡಿನದ್ದಾದರೂ ಪರವಾಗಿಲ್ಲ, ಚೌಕಾಸಿಗೆ ಇಳಿಯಬೇಡಿ. ಅವನ ಕ್ಯಾಪ್‌ನಲ್ಲಿ 22 ಮಿಲಿಯನ್ ಜಾಗ ಇದೆಯಾ ಅಂತ ಮಾತ್ರ ಮೊದಲು ನೋಡಿ. ಟೆಕ್ಸಾಸ್‌ನಲ್ಲಿ ಈಗ ಬೆಳಿಗ್ಗೆ, ಎದ್ದಿರುತ್ತಾನೆ.